ಹೂದೋಟ, ಸೂಜಿದಾರ, ಪ್ರಾರ್ಥನೆ: ಸಂತ ಜೆಲಿ ಮಾರ್ಟಿನ್ ಅವರ ಗೃಹಜೀವನ

ಪ್ರತಿ ವರ್ಷ ಜುಲೈ 12ರಂದು ಪವಿತ್ರ ಧರ್ಮಸಭೆಯು ಸಂತ ಲೂಯಿ ಮತ್ತು ಸಂತ ಜೆಲಿ ಮಾರ್ಟಿನ್ ದಂಪತಿಗಳನ್ನು ಸ್ಮರಿಸುತ್ತದೆ. ಬಾಲಯೇಸುವಿನ ಸಂತ ತೆರೇಸಮ್ಮನವರ ತಂದೆತಾಯಿ ಎಂದು ಹೇಳಿದರೆ ಇವರ ಪರಿಚಯ ನಮ್ಮ ಜನರಿಗೆ ಬೇಗನೆ ಆಗುತ್ತದೆ. ಆದರೆ ಇವರು ಸಂತರಾದದ್ದು ಸಂತಳೊಬ್ಬಳ ತಂದೆತಾಯಿ ಎಂಬ ಕಾರಣಕ್ಕಲ್ಲ. ಅಡುಗೆಮನೆ, ಅಂಗಳ, ತೊಟ್ಟಿಲು, ದುಡಿಮೆ, ರೋಗ, ಸಾವು ಎಲ್ಲವೂ ತುಂಬಿದ್ದ ಒಂದು ಸಾಮಾನ್ಯ ಮನೆಯಲ್ಲಿ ದೇವರಿಗೆ ಮೊದಲ ಸ್ಥಾನ ಕೊಟ್ಟು ಬಾಳಿದ್ದಕ್ಕೆ ಇವರು ಸಂತರಾದರು. ಈ ಲೇಖನದಲ್ಲಿ ನಾವು ವಿಶೇಷವಾಗಿ ತಾಯಿ ಜೆಲಿಯವರ ಬದುಕನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಇದಕ್ಕೊಂದು ಕಾರಣವಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಕುಟುಂಬಗಳ ವಿವರ ಬರೆಯಲು ವಾರ್ಡಿನ ಗುರ್ಕಾರರು ಮನೆಮನೆಗೆ ಹೋದಾಗ, ಉದ್ಯೋಗ ಎಂಬ ಕಾಲಂ ಬಂದ ಕೂಡಲೇ ಅನೇಕ ತಾಯಂದಿರು ಸ್ವಲ್ಪ ಸಂಕೋಚದಿಂದ, ಏನೂ ಇಲ್ಲ, ಮನೆಯಲ್ಲೇ ಇರುವುದು ಎಂದು ಬರೆಸುತ್ತಾರೆ. ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು ರಾತ್ರಿ ಎಲ್ಲರಿಗಿಂತ ಕೊನೆಗೆ ಮಲಗುವವರ ಹೆಸರಿನ ಮುಂದೆ ಏನೂ ಇಲ್ಲ ಎಂದು ದಾಖಲಾಗುತ್ತದೆ. ಪ್ರಾರ್ಥನೆಗೆ ಸಮಯ ಸಿಗುವುದಿಲ್ಲ, ನಮ್ಮಂಥವರಿಗೆ ಎಲ್ಲಿಯ ಪವಿತ್ರತೆ ಎನ್ನುವ ಮಾತನ್ನೂ ನಾವು ಆಗಾಗ ಕೇಳುತ್ತೇವೆ. ಜೆಲಿಯವರ ಜೀವನ ಈ ಮಾತಿಗೆ ಒಂದು ಉತ್ತರವಾಗಿದೆ.

ಮುಚ್ಚಿದ ಬಾಗಿಲು

ಜೆಲಿ ಗೆರೆನ್ ಹುಟ್ಟಿದ್ದು 1831ರ ಡಿಸೆಂಬರ್ 23ರಂದು, ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತ್ಯದ ಅಲೆನ್ಸೋನ್ ಪಟ್ಟಣದ ಸಮೀಪದ ಒಂದು ಹಳ್ಳಿಯಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿದ್ದು ಅನಂತರ ಪೊಲೀಸ್ ಕೆಲಸ ಮಾಡಿದವರು. ತಾಯಿ ಧರ್ಮಭಕ್ತರು, ಆದರೆ ತುಂಬಾ ಕಟ್ಟುನಿಟ್ಟಿನವರು. ಮನೆಯಲ್ಲಿ ಪ್ರೀತಿಯ ಮಾತು ಕಡಿಮೆ. ಆಟಕ್ಕೆ ಒಂದು ಗೊಂಬೆಯೂ ಜೆಲಿಗೆ ಸಿಗಲಿಲ್ಲ. ತನ್ನ ಬಾಲ್ಯ ಬಹಳ ದುಃಖದ್ದಾಗಿತ್ತೆಂದು ಆಕೆ ಮುಂದೆ ತಮ್ಮನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಆ ಮನೆಯಲ್ಲಿ ಆಕೆಗಿದ್ದ ದೊಡ್ಡ ಆಸರೆ ಅಕ್ಕ ಮರಿ ಲೂಯಿಸ್. ಈ ಅಕ್ಕ ಮುಂದೆ ಲೆ ಮಾನ್ ನಗರದ ವಿಸಿಟೇಷನ್ ಕನ್ಯಾಮಠವನ್ನು ಸೇರಿದರು. ತಮ್ಮ ಇಸಿದೋರ್ ಲಿಸ್ಯೂ ಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಟರು.

1844ರಲ್ಲಿ ಕುಟುಂಬ ಅಲೆನ್ಸೋನಿಗೆ ಬಂದು ನೆಲೆಸಿತು. ಯುವತಿಯಾದ ಜೆಲಿಗೆ ಧರ್ಮಭಗಿನಿಯಾಗಬೇಕೆಂಬ ಹಂಬಲ. ರೋಗಿಗಳ ಸೇವೆ ಮಾಡುತ್ತಿದ್ದ ಸಂತ ವಿನ್ಸೆಂಟ್ ದೆ ಪಾವ್ಲರ ಸಭೆಯ ಭಗಿನಿಯರ ಬಳಿಗೆ ಹೋಗಿ ಕೇಳಿಕೊಂಡರು. ಅಲ್ಲಿಯ ಮಠಾಧಿಕಾರಿಣಿ, ನಿನಗೆ ಈ ಕರೆಯಿಲ್ಲ ಎಂದು ಸ್ಪಷ್ಟವಾಗಿ ಹೇಳಿ ಕಳುಹಿಸಿಬಿಟ್ಟರು. ತಾನು ದೇವರಿಗೆ ಕೊಡಬಯಸಿದ್ದ ಬದುಕನ್ನು ದೇವರ ಮನೆಯ ಬಾಗಿಲಲ್ಲೇ ಬೇಡವೆಂದಂತಾಯಿತು. ಆ ನೋವು ಸಣ್ಣದಲ್ಲ. ಆಗ ಜೆಲಿ ಬೇರೊಂದು ಪ್ರಾರ್ಥನೆ ಮಾಡಿಕೊಂಡರು: ತನಗೆ ಮದುವೆಯೇ ದೈವಚಿತ್ತವಾದರೆ ಅನೇಕ ಮಕ್ಕಳನ್ನು ಕೊಡಲಿ, ಅವರೆಲ್ಲರೂ ದೇವರಿಗೇ ಮೀಸಲಾಗಲಿ ಎಂದು.

ಸೂಜಿಯ ಕಸುಬು

ಮದುವೆಗೆ ಬೇಕಾದ ವರದಕ್ಷಿಣೆಯ ಹಣ ಮನೆಯಲ್ಲಿರಲಿಲ್ಲ. ಏನು ಮಾಡುವುದೆಂದು ತಿಳಿಯದೆ ಆಕೆ ಮಾತೆ ಮರಿಯಮ್ಮನವರ ಮೊರೆಹೊಕ್ಕರು. 1851ರ ಡಿಸೆಂಬರ್ 8ರಂದು, ಅಮಲೋದ್ಭವಿ ಮಾತೆಯ ಹಬ್ಬದ ದಿನ, ಅಲೆನ್ಸೋನಿನ ಲೇಸ್ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂಬ ಪ್ರೇರಣೆ ಮನಸ್ಸಿನೊಳಗೆ ಸ್ಪಷ್ಟವಾಗಿ ಮೂಡಿತು. ಆ ಪಟ್ಟಣದ ಲೇಸ್ ಯುರೋಪಿನಲ್ಲೆಲ್ಲ ಹೆಸರಾದದ್ದು. ನೂಲು ಮತ್ತು ಸೂಜಿ ಬಿಟ್ಟರೆ ಬೇರೆ ಯಂತ್ರವಿಲ್ಲ. ಒಂದು ಚದರ ಸೆಂಟಿಮೀಟರ್ ಲೇಸ್ ಆಗಬೇಕಾದರೆ ಸುಮಾರು 7 ಗಂಟೆಗಳ ಕೆಲಸ ಬೇಕು. 2010ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಜೆಲಿ ಕೆಲಸ ಕಲಿತು, ಇನ್ನೂ 22 ವರ್ಷ ತುಂಬುವ ಹೊತ್ತಿಗೆ ಸ್ವಂತ ವ್ಯವಹಾರವನ್ನು ಆರಂಭಿಸಿದರು. ಲೇಸ್ ಹೆಣೆಯುವ ಹೆಂಗಸರು ತಮ್ಮ ತಮ್ಮ ಮನೆಗಳಲ್ಲೇ ತುಂಡು ತುಂಡಾಗಿ ಕೆಲಸ ಮಾಡಿ, ಪ್ರತಿ ಗುರುವಾರ ತಂದು ಕೊಡುತ್ತಿದ್ದರು. ಆ ತುಂಡುಗಳನ್ನು ಜೋಡಣೆ ಕಾಣದಂತೆ ಒಂದುಗೂಡಿಸುವುದು ಅತ್ಯಂತ ನಾಜೂಕಿನ ಕೆಲಸ. ಅದನ್ನು ಜೆಲಿಯವರು ತಾವೇ ಮಾಡುತ್ತಿದ್ದರು. ಕಿಟಕಿಯ ಬಳಿ ಕುಳಿತು ಹೀಗೆ ಲೇಸ್ ಜೋಡಿಸುವಾಗ ಸಿಗುವಷ್ಟು ಸಂತೋಷ ತನಗೆ ಬೇರೆಲ್ಲೂ ಸಿಗದೆಂದು ಆಕೆ ಒಮ್ಮೆ ಬರೆದಿದ್ದಾರೆ. ಇದೇ ಲೇಸಿನ ಬಗ್ಗೆ ಬೇರೆ ದಿನಗಳಲ್ಲಿ ಗೊಣಗಿದ್ದೂ ಉಂಟು: ಆರ್ಡರ್ ಹೆಚ್ಚು ಬಂದರೆ ಗುಲಾಮಳ ದುಡಿಮೆ, ಬಾರದಿದ್ದರೆ ಚಿಂತೆ. ಸಂತರ ಮನೆಯಲ್ಲೂ ಇಂಥ ದಿನಗಳಿದ್ದವು ಎಂದು ತಿಳಿಯುವುದು ನಮಗೆ ಒಳ್ಳೆಯದು.

ಇದನ್ನು ಓದುವಾಗ ನಮ್ಮ ಕರಾವಳಿಯ ತಾಯಂದಿರ ನೆನಪಾಗುತ್ತದೆ. ಶಂಕರಪುರದ ಆಸುಪಾಸಿನಲ್ಲಿ ಎಷ್ಟೋ ಮನೆಗಳ ಹೆಂಗಸರು ಬೆಳಕು ಹರಿಯುವ ಮೊದಲೇ ಮಲ್ಲಿಗೆ ಮೊಗ್ಗು ಕೊಯ್ದು, ಮನೆಯ ಚಾವಡಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಚೆಂಡು ಕಟ್ಟಿ, ಆ ದುಡ್ಡಿನಿಂದ ಮಕ್ಕಳ ಶಾಲೆಯ ಫೀಸು ಕಟ್ಟಿದ್ದಾರೆ. ಜೆಲಿಯವರ ಬೆರಳುಗಳೂ ಇಂಥವರ ಬೆರಳುಗಳಂತೆಯೇ ದುಡಿದವು.

ಸೇತುವೆಯ ಮೇಲೆ ಕಂಡ ಯುವಕ

1858ರ ವಸಂತದಲ್ಲಿ ಒಂದು ದಿನ ಅಲೆನ್ಸೋನಿನ ಸಂತ ಲಿಯೊನಾರ್ಡ್ ಸೇತುವೆಯನ್ನು ದಾಟುವಾಗ ಜೆಲಿ ಎದುರಿನಿಂದ ಬರುತ್ತಿದ್ದ ಯುವಕನೊಬ್ಬನನ್ನು ಕಂಡರು. ಅವನ ಗಂಭೀರ ಮುಖ, ನಡೆನುಡಿ ಆಕೆಯ ಮನಸ್ಸಿಗೆ ಹಿಡಿಸಿತು. ದೇವರು ತನಗಾಗಿ ಸಿದ್ಧಮಾಡಿದವನು ಇವನೇ ಎಂಬ ಭರವಸೆ ಒಳಗಿನಿಂದ ಬಂತು. ಆ ಯುವಕ ಲೂಯಿ ಮಾರ್ಟಿನ್, ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದವರು. ಅವರೂ ಹಿಂದೊಮ್ಮೆ ಆಲ್ಪ್ಸ್ ಪರ್ವತದ ಮಠವೊಂದಕ್ಕೆ ಹೋಗಿ ಸನ್ಯಾಸಿಯಾಗಲು ಬಯಸಿ, ಲ್ಯಾಟಿನ್ ಭಾಷೆ ಬಾರದ ಕಾರಣ ಹಿಂದಿರುಗಿದ್ದವರು. ಹೀಗೆ ಮಠದ ಬಾಗಿಲಿನಿಂದ ಹಿಂದಿರುಗಿದ ಇಬ್ಬರು, ಅದೇ ವರ್ಷ ಜುಲೈ 13ರ ಮಧ್ಯರಾತ್ರಿ ಅಲೆನ್ಸೋನಿನ ಮಾತೆ ಮರಿಯಮ್ಮನವರ ದೇವಾಲಯದಲ್ಲಿ ಗಂಡಹೆಂಡತಿಯರಾದರು.

ಮದುವೆಯ ದಿನ ಅವರು ಲೆ ಮಾನ್‌ನಲ್ಲಿದ್ದ ಅಕ್ಕನನ್ನು ಕಾಣಲು ಹೋದರು. ಕನ್ಯಾಮಠದ ಕಂಬಿಗಳ ಆಚೆ ಅಕ್ಕ, ಈಚೆ ಮದುಮಗಳು. ಜೆಲಿ ತಡೆಯಲಾಗದೆ ಅತ್ತುಬಿಟ್ಟರು. ಲೂಯಿಯವರಿಗೆ ಅದು ಅರ್ಥವಾಯಿತು. ಹೆಂಡತಿಯನ್ನು ಅವರು ಗದರಿಸಲಿಲ್ಲ, ಸಂಶಯಪಡಲೂ ಇಲ್ಲ. ಮೊದಲ ಹತ್ತು ತಿಂಗಳು ಇಬ್ಬರೂ ಅಣ್ಣತಂಗಿಯರಂತೆ ಬಾಳಿದರು. ಅನಂತರ ಪಾಪನಿವೇದನೆಯ ಗುರುಗಳ ಸಲಹೆಯಂತೆ ತಂದೆತಾಯಿಯಾಗುವ ಕರೆಯನ್ನು ಮನಸಾರೆ ಸ್ವೀಕರಿಸಿದರು. ಮಕ್ಕಳು ಹುಟ್ಟಿದ ಮೇಲೆ ಜೆಲಿಯವರ ಮನಸ್ಸು ಸಂಪೂರ್ಣ ಬದಲಾಯಿತು. ತಾನು ಹುಟ್ಟಿದ್ದೇ ಮಕ್ಕಳ ತಾಯಿಯಾಗಲು ಎಂದು ಆಕೆ ಸಂತೋಷದಿಂದ ಹೇಳುವಂತಾದರು.

ಪೆವಿಲಿಯನ್ ತೋಟ ಮತ್ತು ಮಾತೆಯ ಪ್ರತಿಮೆ

ಮದುವೆಯ ಹಿಂದಿನ ವರ್ಷ ಲೂಯಿಯವರು ಪಟ್ಟಣದ ಅಂಚಿನಲ್ಲಿ ಒಂದು ಸಣ್ಣ ತೋಟವನ್ನು ಕೊಂಡಿದ್ದರು. ಅದರಲ್ಲಿ ಆರು ಮೂಲೆಗಳ ಒಂದು ಪುಟ್ಟ ಗೋಪುರದಂಥ ಮನೆ. ಅದಕ್ಕೆ ಪೆವಿಲಿಯನ್ ಎಂದು ಹೆಸರು. ಮೀನಿನ ಗಾಳಗಳನ್ನು ಅವರು ಇಡುತ್ತಿದ್ದದ್ದು, ಏಕಾಂತದಲ್ಲಿ ಓದಿ ಪ್ರಾರ್ಥಿಸುತ್ತಿದ್ದದ್ದು ಅಲ್ಲಿಯೇ. ಹಿಡಿದ ಮೀನನ್ನು ಹೆಚ್ಚಾಗಿ ಊರಿನ ಕ್ಲಾರಾ ಸಭೆಯ ಮಠಕ್ಕೆ ಕೊಟ್ಟುಬಿಡುತ್ತಿದ್ದರು. ಭಕ್ತ ಮಹಿಳೆಯೊಬ್ಬರು ಕೊಟ್ಟ ಮಾತೆ ಮರಿಯಮ್ಮನವರ ಪ್ರತಿಮೆಯೊಂದನ್ನು ಆ ತೋಟದಲ್ಲಿ ನಿಲ್ಲಿಸಿದ್ದರು.

ಮದುವೆಯ ನಂತರ ಆ ಪ್ರತಿಮೆ ತೋಟದಿಂದ ಮನೆಯೊಳಗೆ ಬಂತು. ತೋಟ ಮಾತ್ರ ಇಡೀ ಕುಟುಂಬದ್ದಾಯಿತು. ನಾರ್ಮಂಡಿಯ ಚಳಿಗಾಲ ದೀರ್ಘವಾದದ್ದು. ನಮ್ಮಲ್ಲಿ ಜೋರು ಮಳೆ ಸುರಿಯುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳೇ ಅಲ್ಲಿಯ ಬೇಸಿಗೆ. ಗಿಡಮರಗಳೆಲ್ಲ ಹೂವುಹಣ್ಣು ಬಿಡುವ ಆ ಕೆಲವು ತಿಂಗಳುಗಳಿಗಾಗಿ ಜನ ಕಾಯುತ್ತಾರೆ. ಮಾರ್ಟಿನ್ ಕುಟುಂಬಕ್ಕೂ ಬೇಸಿಗೆಯೆಂದರೆ ಪೆವಿಲಿಯನ್ ತೋಟ, ಹೊಲಗಳ ನಡುವಿನ ನಡಿಗೆ, ಮಕ್ಕಳ ನಗು. ವಾರವಿಡೀ ಸೂಜಿಯ ಮೇಲೆ ಬಾಗಿದ್ದ ತಾಯಿ ತಲೆಯೆತ್ತಿ ಆಕಾಶವನ್ನು ನೋಡುತ್ತಿದ್ದದ್ದು ಅಂಥ ಭಾನುವಾರಗಳಲ್ಲಿ.

ಮೇ ತಿಂಗಳು ಬಂತೆಂದರೆ ಮನೆಯ ಪ್ರತಿಮೆಯ ಸುತ್ತ ಹೂವು, ಹಸಿರೆಲೆಗಳ ಅಲಂಕಾರ. ಸಂಜೆ ಎಲ್ಲರೂ ಅದರ ಮುಂದೆ ಮೊಣಕಾಲೂರುತ್ತಿದ್ದರು. ಹಿರಿಯ ಮಗಳು ಮರಿಗೆ ಈ ಪ್ರತಿಮೆ ಮನೆಗೆ ತುಂಬಾ ದೊಡ್ಡದಾಯಿತೆಂದು ತೋರಿ, ಚಿಕ್ಕದೊಂದನ್ನು ತರಬಾರದೇ ಎಂದು ಕೇಳಿದಾಗ, ತಾನು ಬದುಕಿರುವ ತನಕ ಈ ಮಾತೆ ಈ ಮನೆ ಬಿಟ್ಟು ಹೋಗುವುದಿಲ್ಲವೆಂದು ಜೆಲಿ ತಿಳಿಸಿದರು. ಇದೇ ಪ್ರತಿಮೆಯ ಮುಂದೆ 1883ರ ಮೇ 13ರಂದು ಕಠಿಣ ಕಾಯಿಲೆಯಿಂದ ಮಲಗಿದ್ದ ಹತ್ತು ವರ್ಷದ ತೆರೇಸಾ, ಮಾತೆಯು ತನ್ನನ್ನು ನೋಡಿ ಮುಗುಳ್ನಕ್ಕದ್ದನ್ನು ಕಂಡು ಗುಣವಾದಳು. ಲಿಸ್ಯೂವಿನ ಕಾರ್ಮೆಲ್ ದೇವಾಲಯದಲ್ಲಿ ತೆರೇಸಮ್ಮನವರ ಪವಿತ್ರ ಅವಶೇಷಗಳ ಮೇಲ್ಭಾಗದಲ್ಲಿ ಇಂದು ಯಾತ್ರಿಕರು ನೋಡುವ ಮುಗುಳ್ನಗೆಯ ಮಾತೆ ಇದೇ. ಒಂದು ಕಾಲದಲ್ಲಿ ತೋಟದ ಗಿಡಗಳ ನಡುವೆ ನಿಂತಿದ್ದ ಪ್ರತಿಮೆ ಅದು.

ನಾಲ್ಕು ಪುಟ್ಟ ಸಮಾಧಿಗಳು

1860ರಿಂದ 1873ರ ವರೆಗೆ ಜೆಲಿಯವರು ಒಂಬತ್ತು ಮಕ್ಕಳನ್ನು ಹೆತ್ತರು. ಮರಿ, ಪೌಲಿನ್, ಲಿಯೋನಿ, ಸೆಲಿನ್ ಮತ್ತು ತೆರೇಸಾ ಬದುಕಿ ಉಳಿದರು. ಗುರುವಾಗಲೆಂದು ಹರಸಿ ಜೋಸೆಫ್ ಎಂದು ಹೆಸರಿಟ್ಟ ಮೊದಲ ಗಂಡುಮಗು 1867ರ ಫೆಬ್ರವರಿಯಲ್ಲಿ ಐದು ತಿಂಗಳ ಕೂಸಾಗಿರುವಾಗಲೇ ತೀರಿಕೊಂಡಿತು. ಎರಡನೆಯ ಗಂಡುಮಗು 1868ರ ಆಗಸ್ಟ್‌ನಲ್ಲಿ ಎಂಟು ತಿಂಗಳಿಗೆ ತೀರಿಹೋಯಿತು. ಅದಾಗಿ ಹತ್ತು ದಿನಕ್ಕೆ ಜೆಲಿಯವರ ತಂದೆಯೂ ಹೋದರು. 1870ರ ಫೆಬ್ರವರಿಯಲ್ಲಿ ಐದು ವರ್ಷದ ಮುದ್ದು ಹೆಲೆನ್, ಅದೇ ಅಕ್ಟೋಬರ್‌ನಲ್ಲಿ ಎರಡು ತಿಂಗಳೂ ತುಂಬದ ಮೆಲಾನಿ ತೆರೇಸಾ.

ಎದೆಯಲ್ಲಿ ಗಂಟು ಕಾಣಿಸಿಕೊಂಡಿದ್ದರಿಂದ ತಾಯಿಗೆ ಹಾಲುಣಿಸಲು ಆಗುತ್ತಿರಲಿಲ್ಲ. ಮಕ್ಕಳನ್ನು ದಾದಿಯರ ಬಳಿ ಬಿಡಬೇಕಾಗುತ್ತಿತ್ತು. ಮೆಲಾನಿ ತೀರಿಕೊಂಡದ್ದು ದಾದಿಯೊಬ್ಬಳು ಸರಿಯಾಗಿ ಹಾಲುಣಿಸದೆ ಮಗುವನ್ನು ಕಡೆಗಣಿಸಿದ್ದರಿಂದ. ಇಂಥ ಸಾವನ್ನು ಯಾವ ತಾಯಿ ತಾಳಿಕೊಂಡಾಳು? ಜೆಲಿ ಅತ್ತರು, ಸೊರಗಿದರು, ಪತ್ರಗಳಲ್ಲಿ ತನ್ನ ದುಃಖವನ್ನು ಮುಚ್ಚಿಡದೆ ಬರೆದರು. ಇಷ್ಟು ಕಷ್ಟಪಡುವುದಕ್ಕಿಂತ ಈ ಮಕ್ಕಳು ಹುಟ್ಟದಿದ್ದರೇ ಚೆನ್ನಾಗಿತ್ತು ಎಂದು ಕೆಲವರು ಸಮಾಧಾನ ಹೇಳಲು ಬಂದಾಗ ಮಾತ್ರ ಆಕೆಗೆ ಸಹಿಸಲಾಗಲಿಲ್ಲ. ಮಕ್ಕಳ ನಿತ್ಯ ಸುಖದ ಮುಂದೆ ತನ್ನ ಕಷ್ಟ ಏನೇನೂ ಅಲ್ಲ, ಅವರನ್ನು ತಾನು ಶಾಶ್ವತವಾಗಿ ಕಳೆದುಕೊಂಡಿಲ್ಲ, ಸ್ವರ್ಗದಲ್ಲಿ ಮತ್ತೆ ಕಾಣುವೆನು ಎಂಬುದು ಆಕೆಯ ದೃಢ ನಂಬಿಕೆಯಾಗಿತ್ತು. ಮಗುವನ್ನು ಕಳೆದುಕೊಂಡ ಮನೆಗೆ ಸಾಂತ್ವನ ಹೇಳಲು ಹೋಗುವ ನಮ್ಮ ಧರ್ಮಕೇಂದ್ರದ ಕಾರ್ಯಕರ್ತರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆ ಮಗು ಎಣಿಕೆಗೆ ಸಿಗದ ಮಗುವಲ್ಲ. ಜೆಲಿಯವರು ತಮ್ಮ ಮಕ್ಕಳನ್ನು ಒಂಬತ್ತು ಎಂದೇ ಎಣಿಸುತ್ತಿದ್ದರು.

ಮನೆಯೆಂಬ ಪುಟ್ಟ ಧರ್ಮಸಭೆ

1871ರ ಜುಲೈಯಲ್ಲಿ ಕುಟುಂಬವು ಸಂತ ಬ್ಲೇಸ್ ಬೀದಿಯ ಮನೆಗೆ ಬಂತು. ಲೂಯಿಯವರು ಗಡಿಯಾರದ ಅಂಗಡಿಯನ್ನು ಸೋದರಳಿಯನಿಗೆ ಮಾರಿ, ಹೆಂಡತಿಯ ಲೇಸ್ ವ್ಯವಹಾರಕ್ಕೆ ಕೈಜೋಡಿಸಿದ್ದರು. ಹೆಂಡತಿಯ ಕೆಲಸಕ್ಕಾಗಿ ತನ್ನ ಅಂಗಡಿಯನ್ನು ಬಿಡುವುದು ಆ ಕಾಲದ ಗಂಡಸರಿಗೆ ಸುಲಭದ ಮಾತಲ್ಲ. ಮುಂದಿನ ಕೋಣೆಯಲ್ಲಿ ಲೇಸಿನ ಕೆಲಸ, ಒಳಗೆ ಅಡುಗೆ, ಹಿಂದೆ ಒಂದು ಸಣ್ಣ ಅಂಗಳ. ಲೂಯಿಯವರು ಮಕ್ಕಳಿಗಾಗಿ ಉಯ್ಯಾಲೆ ಕಟ್ಟಿಕೊಟ್ಟರು. ಪುಟ್ಟ ತೆರೇಸಾ ದೊಡ್ಡವಳಂತೆ ಹಗ್ಗ ಹಿಡಿದು ಕುಳಿತು, ಸಾಕಷ್ಟು ಮೇಲಕ್ಕೆ ಹೋಗದಿದ್ದರೆ ಕಿರುಚುತ್ತಿದ್ದಳು. ಬೀಳದಂತೆ ಎದುರಿಗೆ ಇನ್ನೊಂದು ಹಗ್ಗ ಕಟ್ಟಿದ್ದರೂ ತನಗೆ ಹೆದರಿಕೆಯೇ ಎಂದು ತಾಯಿ ಬರೆದಿದ್ದಾರೆ.

ದಿನ ಆರಂಭವಾಗುತ್ತಿದ್ದದ್ದು ಬೆಳಗಿನ 5.30ರ ಬಲಿಪೂಜೆಯಿಂದ. ಗಂಡಹೆಂಡತಿ ಇಬ್ಬರೂ ಜೊತೆಯಾಗಿ ಹೋಗುತ್ತಿದ್ದರು. ಅಷ್ಟು ಬೇಗ ಬರಲು ಸಾಧ್ಯವಾಗುವುದು ಕೂಲಿಯವರಿಗೂ ಬಡವರಿಗೂ ಎಂದು ಆ ಪೂಜೆಗೆ ಹೆಸರಿತ್ತು. ಭಾನುವಾರ ಎಷ್ಟೇ ಲಾಭವಿದ್ದರೂ ಅಂಗಡಿ ತೆರೆಯುತ್ತಿರಲಿಲ್ಲ. ಸಂಜೆ ಎಲ್ಲರೂ ಸೇರಿ ಪ್ರಾರ್ಥನೆ. ಮಕ್ಕಳ ಬಟ್ಟೆ, ಊಟ, ಪಾಠ, ಕೆಲಸದವರ ಲೆಕ್ಕ, ಪತ್ರಗಳು ಎಲ್ಲ ಮುಗಿದು ತಾಯಿ ಮಲಗುವಾಗ ರಾತ್ರಿ ಹನ್ನೊಂದಾಗುತ್ತಿತ್ತು. ಆಕೆ ಬರೆದ ಪತ್ರಗಳಲ್ಲಿ 218 ಇಂದಿಗೂ ಉಳಿದಿವೆ. ಅವುಗಳಲ್ಲಿ ದರ್ಶನಗಳಿಲ್ಲ, ಪವಾಡಗಳಿಲ್ಲ. ಮಗುವಿನ ಹಲ್ಲುನೋವು, ಬಟ್ಟೆಯ ಬೆಲೆ, ಕೆಲಸದ ಒತ್ತಡ, ತಮ್ಮನ ಅಂಗಡಿಯ ಚಿಂತೆ, ಇವುಗಳ ನಡುವೆಯೇ ದೇವರ ಮಾತು ಬರುತ್ತದೆ, ಮನೆಯವರಲ್ಲೊಬ್ಬರ ಬಗ್ಗೆ ಮಾತಾಡಿದಂತೆ.

ಬಡವರಿಗೆ ಆ ಮನೆಯ ಬಾಗಿಲು ತೆರೆದಿತ್ತು. ದಾರಿಯಲ್ಲಿ ಕಂಡ ನಿರ್ಗತಿಕ ಮುದುಕನನ್ನು ಮನೆಗೆ ಕರೆದು ಊಟ ಬಟ್ಟೆ ಕೊಟ್ಟು, ವೃದ್ಧಾಶ್ರಮದಲ್ಲಿ ಅವನಿಗೆ ಜಾಗ ಸಿಗುವ ತನಕ ಓಡಾಡಿದರು. ಮನೆಕೆಲಸದವಳು ಕಾಯಿಲೆ ಬಿದ್ದಾಗ ಅವಳ ಮನೆಗೆ ಕಳುಹಿಸದೆ ಜೆಲಿಯವರೇ ಹಗಲಿರುಳು ಆರೈಕೆ ಮಾಡಿದರು. ಲೇಸಿನ ಕೆಲಸದ ಹೆಂಗಸರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಭಾನುವಾರ ಹೋಗಿ ನೋಡಿ ಬರುತ್ತಿದ್ದರು. 1871ರ ಜನವರಿಯಲ್ಲಿ ಯುದ್ಧದ ಸಮಯ ಜರ್ಮನ್ ಸೈನಿಕರು ಪಟ್ಟಣವನ್ನು ಹಿಡಿದು, ಒಂಬತ್ತು ಮಂದಿ ಇವರ ಮನೆಯಲ್ಲೇ ಬಿಡಾರ ಹೂಡಿದಾಗ ಅವರಿಗೂ ಅಡುಗೆ ಮಾಡಿ ಬಡಿಸಬೇಕಾಯಿತು.

ಹೊಲದ ಹೂಗಳು

1873ರ ಜನವರಿ 2ರಂದು ಕೊನೆಯ ಮಗು ತೆರೇಸಾ ಹುಟ್ಟಿದಳು. ಎರಡು ತಿಂಗಳಿಗೆ ಅವಳೂ ಸಾಯುವ ಸ್ಥಿತಿಗೆ ಬಂದಳು. ವೈದ್ಯರು ಎದೆಹಾಲು ಬಿಟ್ಟರೆ ಬೇರೆ ದಾರಿಯಿಲ್ಲವೆಂದರು. ಜೆಲಿ ಒಬ್ಬಂಟಿಯಾಗಿ ಮುಂಜಾನೆಯೇ ಹೊರಟು, ಸುಮಾರು 8 ಕಿಲೋಮೀಟರ್ ದೂರದ ಸೆಮಲ್ಲೆ ಎಂಬ ಹಳ್ಳಿಗೆ ನಡೆದುಹೋಗಿ, ಹಿಂದೆ ತನ್ನ ಗಂಡುಮಕ್ಕಳಿಗೆ ಹಾಲುಣಿಸಿದ್ದ ರೋಸ್ ತೈಯೆ ಎಂಬ ರೈತ ಮಹಿಳೆಯನ್ನು ಕರೆತಂದರು. ರೋಸ್ ಮಗುವನ್ನು ಎದೆಗಪ್ಪಿಕೊಂಡಾಗ ಜೆಲಿ ಮಹಡಿಗೆ ಹೋಗಿ ಸಂತ ಜೋಸೆಫರ ಪ್ರತಿಮೆಯ ಮುಂದೆ ಮೊಣಕಾಲೂರಿ, ದೈವಚಿತ್ತ ಆಗಲಿ ಎಂದು ಪ್ರಾರ್ಥಿಸಿದರು. ಕೆಳಗೆ ಇಳಿದು ಬಂದಾಗ ಮಗು ಹಾಲು ಕುಡಿಯುತ್ತಿತ್ತು.

ಒಂದು ವರ್ಷಕ್ಕೂ ಹೆಚ್ಚು ಕಾಲ ತೆರೇಸಾ ಆ ರೈತರ ಮನೆಯಲ್ಲಿ ಬೆಳೆದಳು. ರೋಸ್ ಮಗುವನ್ನು ಕೈಗಾಡಿಯ ಹುಲ್ಲಿನ ಹೊರೆಯ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಸಾಯಬೇಕಾಗಿದ್ದ ಕೂಸು ಬಿಸಿಲಿಗೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಮುಟ್ಟಾಯಿತು. ರೋಸ್ ಬೆಣ್ಣೆ ಮಾರಲು ಪಟ್ಟಣಕ್ಕೆ ಬಂದಾಗ ಮಗುವನ್ನು ತಾಯಿಯ ಬಳಿ ಬಿಟ್ಟರೆ, ಒಳ್ಳೆಯ ಬಟ್ಟೆ ಟೋಪಿಗಳ ಹೆಂಗಸರನ್ನು ಕಂಡು ಅದು ಚೀರುತ್ತಿತ್ತು. ಕೊನೆಗೆ ಮಾರುಕಟ್ಟೆಯಲ್ಲಿದ್ದ ರೋಸ್ ಬಳಿಗೇ ಕಳುಹಿಸಬೇಕಾಗುತ್ತಿತ್ತು. ಸ್ವಂತ ಮಗು ತನ್ನ ಮಡಿಲನ್ನು ಒಲ್ಲದೆ ಇನ್ನೊಬ್ಬಳ ಮಡಿಲಿಗೆ ಓಡುವುದನ್ನು ನೋಡುವುದು ಎಷ್ಟು ಕಷ್ಟವೆಂದು ತಾಯಂದಿರಿಗೆ ಗೊತ್ತು. ಜೆಲಿಗೆ ಮಗು ಬದುಕಿತಲ್ಲ ಎಂಬುದೇ ದೊಡ್ಡದಾಗಿತ್ತು.

ಮನೆಗೆ ಮರಳಿದ ತೆರೇಸಾಳನ್ನು ಭಾನುವಾರದ ನಡಿಗೆಗಳಲ್ಲಿ ತಾಯಿ ಕೈಹಿಡಿದು ಹೊಲಗಳಿಗೆ ಕರೆದೊಯ್ದರು. ಗೋಧಿಯ ಹೊಲಗಳ ನಡುವೆ ಅರಳಿದ ಕಾಡುಹೂಗಳನ್ನು ಕಂಡು ಮನಸ್ಸಿನಲ್ಲಿ ಮೂಡಿದ ಭಾವವನ್ನು ತೆರೇಸಮ್ಮನವರು ಇಪ್ಪತ್ತು ವರ್ಷಗಳ ನಂತರವೂ ಮರೆತಿರಲಿಲ್ಲ. ತಮ್ಮ ಆತ್ಮಕಥೆಯಲ್ಲಿ ಆ ನಡಿಗೆಗಳನ್ನೂ ಜೊತೆಗಿದ್ದ ತಾಯಿಯನ್ನೂ ನೆನೆದಿದ್ದಾರೆ. ದೇವರ ತೋಟದಲ್ಲಿ ಗುಲಾಬಿಯೂ ಬೇಕು, ಹುಲ್ಲಿನ ನಡುವಿನ ಸಣ್ಣ ಹೂವೂ ಬೇಕು ಎಂಬ ಅವರ ಪ್ರಸಿದ್ಧ ಬೋಧನೆಯ ಬೇರು ಈ ಬೇಸಿಗೆಯ ಭಾನುವಾರಗಳಲ್ಲಿ ಇದೆ ಎಂದು ನಾವು ಭಾವಿಸುತ್ತೇವೆ.

ಮನೆಯಲ್ಲಿ ಮಕ್ಕಳಿಗೆ ಇನ್ನೊಂದು ಅಭ್ಯಾಸವಿತ್ತು. ಯೇಸುವಿಗಾಗಿ ಒಂದು ಸಣ್ಣ ತ್ಯಾಗ ಮಾಡಿದಾಗಲೆಲ್ಲ ದಾರಕ್ಕೆ ಪೋಣಿಸಿದ ಮಣಿಯೊಂದನ್ನು ಸರಿಸುವುದು. ಸೆಲಿನ್ ಮತ್ತು ತೆರೇಸಾ ಅಂಗಳದಲ್ಲಿ ಆಡುವಾಗಲೂ ಇದರ ಬಗ್ಗೆಯೇ ಜೋರಾಗಿ ಚರ್ಚಿಸುವುದನ್ನು ಕೇಳಿದ ಪಕ್ಕದ ಮನೆಯ ಹೆಂಗಸು ಇದೇನೆಂದು ತಿಳಿಯದೆ ಕೆಲಸದವಳನ್ನು ವಿಚಾರಿಸಿದಳಂತೆ. ಈ ಮಕ್ಕಳು ವಿಶ್ವಾಸವನ್ನು ಕಲಿತದ್ದು ಆಟದ ಜೊತೆಯಲ್ಲೇ.

ತಡವಾಗಿ ಅರಳಿದ ಹೂವು

ಜೆಲಿಯವರ ಎದೆಯ ಭಾರ ಮೂರನೆಯ ಮಗಳು ಲಿಯೋನಿ. ಹಟಮಾರಿ, ಕಲಿಕೆಯಲ್ಲಿ ಹಿಂದು, ಯಾರ ಮಾತನ್ನೂ ಕೇಳದವಳು. ಅಕ್ಕಂದಿರು ಓದುತ್ತಿದ್ದ ವಿಸಿಟೇಷನ್ ಮಠದ ಶಾಲೆಗೆ ಕಳುಹಿಸಿದರೂ ಅಲ್ಲಿಂದ ಮತ್ತೆ ಮತ್ತೆ ಮನೆಗೆ ಕಳುಹಿಸಿಬಿಟ್ಟರು. ಈ ಮಗುವಿನ ಗತಿ ಏನು ಎಂಬ ಚಿಂತೆ ತಾಯಿಯ ಪತ್ರಗಳ ತುಂಬ ಇದೆ. 1877ರ ಫೆಬ್ರವರಿಯಲ್ಲಿ ಕನ್ಯಾಮಠದ ಅಕ್ಕ ಮರಣಶಯ್ಯೆಯಲ್ಲಿದ್ದಾಗ, ಸ್ವರ್ಗಕ್ಕೆ ಹೋದ ಮೇಲೆ ಲಿಯೋನಿಗಾಗಿ ಬೇಡಿಕೊಳ್ಳಬೇಕೆಂದು ಜೆಲಿ ಕೇಳಿಕೊಂಡರು. ಕೆಲವೇ ವಾರಗಳಲ್ಲಿ ಒಂದು ಸತ್ಯ ಹೊರಬಿತ್ತು. ಮನೆಕೆಲಸದವಳು ಗುಟ್ಟಾಗಿ ಲಿಯೋನಿಯನ್ನು ಹೆದರಿಸಿ ತನ್ನ ಹಿಡಿತದಲ್ಲಿಟ್ಟುಕೊಂಡಿದ್ದಳು. ಅಂದಿನಿಂದ ಮಗಳು ತಾಯಿಯ ಹತ್ತಿರ ಬಂದಳು, ಬಿಟ್ಟು ಅಗಲದಾದಳು. ಈ ಮಗಳಿಗೋಸ್ಕರ ಇನ್ನಷ್ಟು ದಿನ ಬದುಕಬೇಕೆಂಬ ಆಸೆ ತಾಯಿಗೆ ಹುಟ್ಟಿತು. ಆದರೆ ಸಮಯ ಉಳಿದಿರಲಿಲ್ಲ.

ಕೊನೆಯ ಬೇಸಿಗೆ

1876ರ ಡಿಸೆಂಬರ್‌ನಲ್ಲಿಯೇ ವೈದ್ಯರು ಎದೆಯ ಗಡ್ಡೆ ಮಿತಿಮೀರಿದೆ, ಶಸ್ತ್ರಚಿಕಿತ್ಸೆಯ ಕಾಲ ಕಳೆದಿದೆ ಎಂದು ಹೇಳಿದ್ದರು. ಮನೆಯವರೆಲ್ಲ ಅತ್ತರು. ಜೆಲಿ ಮಾತ್ರ ಮರುದಿನವೂ ಲೇಸಿನ ಕೆಲಸಕ್ಕೆ ಕುಳಿತರು. 1877ರ ಜೂನ್ ತಿಂಗಳಲ್ಲಿ ಹಿರಿಯ ಮೂವರು ಹೆಣ್ಣುಮಕ್ಕಳೊಂದಿಗೆ ಲೂರ್ದ್ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋದರು. ದಾರಿಯುದ್ದಕ್ಕೂ ತೊಂದರೆ, ಆಯಾಸ. ತಣ್ಣೀರಿನ ಕೊಳದಲ್ಲಿ ಮತ್ತೆ ಮತ್ತೆ ಮುಳುಗಿ ಬೇಡಿಕೊಂಡರೂ ಗುಣವಾಗಲಿಲ್ಲ. ಮಕ್ಕಳು ನಿರಾಶರಾಗಿದ್ದರೆ, ಕಾಯಿಲೆಯ ತಾಯಿ ಅವರನ್ನು ನಗಿಸುತ್ತಾ ಮನೆಗೆ ಬಂದರು. ಕೇಳಿದ್ದನ್ನು ಕೊಡದ ಮಾತೆಯ ಮೇಲೆ ಆಕೆ ಮುನಿಯಲಿಲ್ಲ.

ಆಗಸ್ಟ್ ಆರಂಭದಲ್ಲಿ ಮನೆಯಲ್ಲೇ ಒಂದು ಸಣ್ಣ ಸಮಾರಂಭ ನಡೆಯಿತು. ತಂಗಿಯರಿಗೆ ಪಾಠ ಹೇಳಿಕೊಡುತ್ತಿದ್ದ ಮರಿ, ಶಾಲೆಗಳಲ್ಲಿ ಮಾಡುವಂತೆ ಬಹುಮಾನ ವಿತರಣೆ ಏರ್ಪಡಿಸಿದಳು. ಕೋಣೆಯನ್ನು ಹಸಿರು ಬಳ್ಳಿಯ ಮಾಲೆಗಳಿಂದಲೂ ಗುಲಾಬಿಯ ಗೊಂಚಲುಗಳಿಂದಲೂ ಸಿಂಗರಿಸಿದ್ದಳು. ಬಿಳಿ ಉಡುಪು ತೊಟ್ಟ ಸೆಲಿನ್ ಮತ್ತು ತೆರೇಸಾ ತಂದೆತಾಯಿಯ ಕೈಯಿಂದ ಬಹುಮಾನ ಪಡೆದರು. ಮೂರು ವಾರಗಳೊಳಗೆ ಸಾಯಲಿದ್ದ ತಾಯಿ, ಕತ್ತು ತಿರುಗಿಸಲೂ ಆಗದ ನೋವಿನಲ್ಲಿ, ಇದರ ಅಂದಚಂದವನ್ನು ಸಂತೋಷದಿಂದ ಪತ್ರದಲ್ಲಿ ವರ್ಣಿಸಿದ್ದಾರೆ. ಆಗಸ್ಟ್ 16ರಂದು ತಮ್ಮನಿಗೆ ಕೊನೆಯ ಪತ್ರ ಬರೆದರು. 26ರಂದು ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಸ್ವೀಕರಿಸಿದರು. ಮಕ್ಕಳೆಲ್ಲ ವಯಸ್ಸಿಗೆ ತಕ್ಕಂತೆ ಸಾಲಾಗಿ ಮೊಣಕಾಲೂರಿದ್ದರು. 1877ರ ಆಗಸ್ಟ್ 28ರ ಮಧ್ಯರಾತ್ರಿ ಕಳೆದು ಅರ್ಧ ಗಂಟೆಗೆ ಆಕೆ ದೈವಾಧೀನರಾದರು. ವಯಸ್ಸು 45. ತೆರೇಸಾಳಿಗೆ ನಾಲ್ಕೂವರೆ ವರ್ಷ.

ಬಿತ್ತಿದವರು ಕಾಣದ ಫಸಲು

ತಾಯಿ ಕಣ್ಮುಚ್ಚಿದಾಗ ಯಾವ ಮಗಳೂ ಮಠ ಸೇರಿರಲಿಲ್ಲ. ಲಿಯೋನಿ ಇನ್ನೂ ಅರ್ಧ ದಾರಿಯಲ್ಲಿದ್ದಳು. ಲೂಯಿಯವರು ಅದೇ ನವೆಂಬರ್‌ನಲ್ಲಿ ಮಕ್ಕಳೊಂದಿಗೆ ಲಿಸ್ಯೂವಿಗೆ ಬಂದು, ದೊಡ್ಡ ತೋಟವಿದ್ದ ಬ್ಯುಸೊನೆ ಎಂಬ ಮನೆಯಲ್ಲಿ ನೆಲೆಸಿದರು. ಅಲ್ಲಿ ತೆರೇಸಾ ಗೋಡೆಯ ಗೂಡುಗಳಲ್ಲಿ ಪುಟ್ಟ ಪೀಠಗಳನ್ನು ಮಾಡಿ ಹೂವಿಡುತ್ತಿದ್ದಳು. ಬೀಜ, ತೊಗಟೆಗಳಿಂದ ಕಷಾಯ ಮಾಡಿ ಅಪ್ಪನಿಗೆ ಕೊಟ್ಟರೆ ಅಪ್ಪ ಕುಡಿದಂತೆ ನಟಿಸುತ್ತಿದ್ದರು. 1887ರ ಮೇ 29ರಂದು, ಪೆಂತೆಕೋಸ್ತ್ ಹಬ್ಬದ ಸಂಜೆ, ಅದೇ ತೋಟದಲ್ಲಿ ತೆರೇಸಾ ಕಾರ್ಮೆಲ್ ಮಠ ಸೇರಲು ಅಪ್ಪಣೆ ಕೇಳಿದಳು. ತಂದೆ ಕಣ್ಣೀರಿಟ್ಟು ಒಪ್ಪಿಗೆ ಕೊಟ್ಟರು. ಗೋಡೆಯ ಸಂದಿಯಲ್ಲಿ ಬೆಳೆದಿದ್ದ ಪುಟ್ಟ ಬಿಳಿ ಹೂವೊಂದನ್ನು ಕಿತ್ತು ಮಗಳ ಕೈಗಿತ್ತರು. ಅದು ಬೇರುಸಹಿತ ಬಂದಿತ್ತು. ಬೇರೆಡೆ ನೆಟ್ಟರೂ ಬದುಕಲೆಂದೇ ಹೀಗಾಯಿತೆಂದು ತೆರೇಸಾ ಅರ್ಥಮಾಡಿಕೊಂಡಳು.

ಐವರು ಹೆಣ್ಣುಮಕ್ಕಳೂ ಧರ್ಮಭಗಿನಿಯರಾದರು. ನಾಲ್ವರು ಲಿಸ್ಯೂವಿನ ಕಾರ್ಮೆಲ್ ಮಠದಲ್ಲಿ. ಲಿಯೋನಿ ಹಲವು ಬಾರಿ ಮಠಗಳಿಂದ ಹಿಂದಿರುಗಿ, ಛಲಬಿಡದೆ 1899ರಲ್ಲಿ ಕಾಂ ನಗರದ ವಿಸಿಟೇಷನ್ ಮಠಕ್ಕೆ ಸೇರಿ 1941ರಲ್ಲಿ ಸಾಯುವ ತನಕ ಅಲ್ಲೇ ಉಳಿದರು. ಅವರನ್ನು ಸಂತರ ಸಾಲಿಗೆ ಸೇರಿಸುವ ಪ್ರಕ್ರಿಯೆ 2015ರಲ್ಲಿ ಆರಂಭವಾಯಿತು. ಶಾಲೆಯವರಿಗೆ ಬೇಡವಾಗಿದ್ದ ಮಗಳು, ತಾಯಿಗೆ ಅತಿ ಹೆಚ್ಚು ಕಣ್ಣೀರು ತರಿಸಿದ ಮಗಳು ಅವರೇ. ತೆರೇಸಮ್ಮನವರು 1925ರಲ್ಲಿ ಸಂತರೆಂದು ಘೋಷಿತರಾದರು, 1997ರಲ್ಲಿ ಧರ್ಮಸಭೆಯ ಪಂಡಿತರೆಂಬ ಬಿರುದು ಪಡೆದರು. ಲೂಯಿ ಮತ್ತು ಜೆಲಿ ದಂಪತಿಗಳನ್ನು 2008ರ ಅಕ್ಟೋಬರ್ 19ರಂದು ಪುನೀತರೆಂದೂ, 2015ರ ಅಕ್ಟೋಬರ್ 18ರಂದು ಕುಟುಂಬದ ಕುರಿತ ಸಿನೋಡ್ ನಡೆಯುತ್ತಿದ್ದ ಸಮಯದಲ್ಲಿ ಪೋಪ್ ಫ್ರಾನ್ಸಿಸ್ ಅವರು ಸಂತರೆಂದೂ ಘೋಷಿಸಿದರು. ಧರ್ಮಸಭೆಯ ಇತಿಹಾಸದಲ್ಲಿ ಗಂಡಹೆಂಡತಿ ಒಟ್ಟಿಗೆ ಸಂತಪದವಿಗೇರಿದ್ದು ಅದೇ ಮೊದಲು.

ನಮ್ಮ ಅಂಗಳಕ್ಕೆ ಒಂದು ಮಾತು

ಕನ್ಯಾಮಠದಲ್ಲಿ ದ್ದಾಗ ತೆರೇಸಮ್ಮನವರು ಜೂನ್ ತಿಂಗಳ ಸಂಜೆಗಳಲ್ಲಿ ಗುಲಾಬಿ ದಳಗಳನ್ನು ಅಂಗಳದ ಶಿಲುಬೆಗೆ ಎರಚುತ್ತಿದ್ದರು. ನಮ್ಮ ಮಕ್ಕಳು ಮೊಂತಿ ಹಬ್ಬದ ನವದಿನಗಳಲ್ಲಿ ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಆ ಹೂಗಳು ಎಲ್ಲಿಂದ ಬರುತ್ತವೆ? ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಬಾವಿಯ ನೀರು ಕೆಳಗಿಳಿದಾಗಲೂ ಪಾತ್ರೆ ತೊಳೆದ ನೀರನ್ನು ಚೆಲ್ಲದೆ ಅಂಗಳದ ಗಿಡಗಳ ಬುಡಕ್ಕೆ ಹೊಯ್ದು ಅವನ್ನು ಉಳಿಸಿದ ತಾಯಿ, ಅಜ್ಜಿಯರ ಕೈಗಳಿಂದ. ಆ ನೀರು ಹೊಯ್ಯುವುದೂ ಪ್ರಾರ್ಥನೆಯೇ ಆಗಬಹುದು ಎಂದು ಜೆಲಿಯವರ ಬದುಕು ನಮಗೆ ಹೇಳುತ್ತದೆ.

ಆದ್ದರಿಂದ ಪ್ರಿಯ ತಾಯಂದಿರೇ, ಇನ್ನು ಮುಂದೆ ಉದ್ಯೋಗದ ಕಾಲಂ ಬಂದಾಗ ಏನೂ ಇಲ್ಲ ಎಂದು ಬರೆಸಬೇಡಿ. ಬರೆದುಕೊಳ್ಳುವ ಕಾರ್ಯಕರ್ತರೇ, ನೀವೂ ಹಾಗೆ ಬರೆಯಬೇಡಿ. ಮನೆಯ ತಂದೆಯಂದಿರೇ, ಹೆಂಡತಿಯ ಕೆಲಸಕ್ಕಾಗಿ ತನ್ನ ಅಂಗಡಿಯನ್ನೇ ಬಿಟ್ಟ ಲೂಯಿಯವರನ್ನು ನೆನೆಯಿರಿ. ಮಕ್ಕಳ ಬಗ್ಗೆ ಚಿಂತೆಯಿಂದ ನಿದ್ದೆ ಬಾರದ ಮನೆಗಳಲ್ಲಿ ಲಿಯೋನಿಯ ಕಥೆಯನ್ನು ಹೇಳಿ. ಗಿಡ ನೆಟ್ಟವರೆಲ್ಲ ಹಣ್ಣು ತಿನ್ನುವುದಿಲ್ಲ, ಆದರೆ ನೀರೆರೆದ ಗಿಡವನ್ನು ದೇವರು ಮರೆಯುವುದಿಲ್ಲ. ಸಂತ ಜೆಲಿ ಮತ್ತು ಸಂತ ಲೂಯಿ ನಮ್ಮ ಎಲ್ಲ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.